ಹಬ್ಬ-ರಜೆಗಳ ಕಾಲದಲ್ಲಿ ಕಚೇರಿಯ ಟೀಮ್ ಕಾರ್ಯಕ್ರಮ: ಆಯ್ಕೆಗಳ ಹೋಲಿಕೆ

ಹಬ್ಬಗಳೂ ರಜೆಗಳೂ ಒತ್ತೊತ್ತಾಗಿ ಬರುವ ವಾರಗಳಲ್ಲಿ ಕಚೇರಿಯ ಯಾರಾದರೊಬ್ಬರ ಹೆಗಲಿಗೆ ಈ ಕೆಲಸ ಬಂದೇ ಬರುತ್ತದೆ. ಟೀಮಿನವರೆಲ್ಲ ಸೇರುವಂಥದ್ದು ಏನಾದರೂ ಏರ್ಪಡಿಸಿ ಎಂದು ಮ್ಯಾನೇಜರ್ ಹೇಳುತ್ತಾರೆ, ಬಜೆಟ್ ಇಷ್ಟೇ ಎಂದು ಎಚ್‌ಆರ್‌ನವರು ತಿಳಿಸುತ್ತಾರೆ, ಮಿಕ್ಕಿದ್ದೆಲ್ಲ ಏರ್ಪಾಡು ಮಾಡುವವರ ಪಾಲು. ಅಲ್ಲಿಂದಾಚೆಗೆ ಜಾಗಗಳ ಹುಡುಕಾಟ, ದರಗಳ ವಿಚಾರಣೆ ಆರಂಭವಾಗುತ್ತದೆ. ಆದರೆ ವರ್ಷದ ಈ ಭಾಗದಲ್ಲಿ ಹಣಕ್ಕಿಂತ ದುಬಾರಿಯಾಗಿರುವುದು ನೌಕರರ ಸಮಯ. ಮನೆಗೆ ನೆಂಟರು ಬರುವುದು, ಊರಿಗೆ ಹೊರಡುವುದು, ಮಕ್ಕಳ ಶಾಲೆಗೆ ರಜೆ, ವರ್ಷದ ಲೆಕ್ಕ ಮುಗಿಸುವ ಒತ್ತಡ, ಇವೆಲ್ಲ ಇದೇ ದಿನಗಳಲ್ಲಿ ಬರುತ್ತವೆ. ಆದ್ದರಿಂದ ಇಲ್ಲಿ ಆಯ್ಕೆಗಳನ್ನು ಎರಡೇ ಪ್ರಶ್ನೆಗಳನ್ನಿಟ್ಟುಕೊಂಡು ಹೋಲಿಸಲಾಗಿದೆ: ಆ ಕಾರ್ಯಕ್ರಮ ಯಾರ ಸಮಯವನ್ನು ತೆಗೆದುಕೊಳ್ಳುತ್ತದೆ, ಮತ್ತು ಟೀಮಿನಲ್ಲಿ ಈಗ ಇಲ್ಲದಿರುವ ಯಾವುದನ್ನು ತಂದುಕೊಡುತ್ತದೆ.

ಮೊದಲು ಕೊರತೆ ಯಾವುದೆಂದು ತಿಳಿಯಬೇಕು

ಟೀಮ್ ಕಟ್ಟುವ ಚಟುವಟಿಕೆಗಳಿಂದ ಉಪಯೋಗವಿದೆಯೇ ಎಂಬ ಪ್ರಶ್ನೆಯನ್ನು ಸಂಶೋಧಕರು ಗಂಭೀರವಾಗಿಯೇ ಕೇಳಿದ್ದಾರೆ. ಕ್ಯಾಮರೂನ್ ಕ್ಲೈನ್, ಎಡ್ವಾರ್ಡೊ ಸಾಲಸ್ ಮತ್ತಿತರರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇಂಥ ಚಟುವಟಿಕೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು: ಗುರಿಗಳನ್ನು ನಿಗದಿಪಡಿಸುವುದು, ಪರಸ್ಪರ ಸಂಬಂಧವನ್ನು ಬೆಳೆಸುವುದು, ಸಮಸ್ಯೆಗಳನ್ನು ಕೂಡಿ ಬಿಡಿಸುವುದು, ಮತ್ತು ಯಾರ ಪಾತ್ರ ಏನೆಂದು ಸ್ಪಷ್ಟಪಡಿಸುವುದು. ನಾಲ್ಕರಿಂದಲೂ ಒಂದಿಷ್ಟು ಪ್ರಯೋಜನ ಕಂಡುಬಂದಿತಾದರೂ, ಗುರಿ ನಿಗದಿ ಮತ್ತು ಪಾತ್ರದ ಸ್ಪಷ್ಟತೆಗಳ ಪರಿಣಾಮ ಹೆಚ್ಚಾಗಿತ್ತು. ಹಬ್ಬದ ದಿನಗಳಲ್ಲಿ ಏರ್ಪಡಿಸುವ ಊಟ, ಆಟ, ಪಾರ್ಟಿಗಳೆಲ್ಲ ಬಹುತೇಕ ಎರಡನೆಯ ಬಗೆಗೆ ಸೇರಿದವು. ಯಾವ ಕೆಲಸ ಯಾರದೆಂಬ ಗೊಂದಲದಿಂದ ದಿನವೂ ಕಿರಿಕಿರಿಪಡುವ ಟೀಮಿಗೆ ಎಷ್ಟೇ ಅದ್ದೂರಿಯ ಸಂಜೆಯನ್ನು ಏರ್ಪಡಿಸಿದರೂ, ಮರುದಿನ ಅದೇ ಗೊಂದಲ ಅಲ್ಲೇ ಕಾದಿರುತ್ತದೆ. ಅಂಥ ಟೀಮಿಗೆ ಬೇಕಾದದ್ದು ಎರಡು ಗಂಟೆಗಳ ನೇರ ಮಾತುಕತೆ, ಅದಕ್ಕೆ ಹಬ್ಬದ ಬಣ್ಣ ಬಳಿಯುವ ಅಗತ್ಯವಿಲ್ಲ.

ಟೀಮಿನ ವಯಸ್ಸನ್ನೂ ಗಮನಿಸಬೇಕು. ಗುಂಪುಗಳು ರೂಪುಗೊಳ್ಳುವುದು, ತಿಕ್ಕಾಟಕ್ಕೆ ಬೀಳುವುದು, ತಮ್ಮದೇ ರೀತಿನೀತಿಗಳನ್ನು ಕಂಡುಕೊಳ್ಳುವುದು, ಬಳಿಕ ಸರಾಗವಾಗಿ ಕೆಲಸ ಮಾಡುವುದು ಎಂಬ ನಾಲ್ಕು ಹಂತಗಳನ್ನು ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಗುರುತಿಸಿದ್ದರು. ಈಚೆಗಷ್ಟೇ ಸೇರಿದವರು ಹೆಚ್ಚಿರುವ ಟೀಮಿಗೆ ಪರಿಚಯ ಬೆಳೆಯುವಂಥ ಕಾರ್ಯಕ್ರಮ ಸಾಕು. ತಿಕ್ಕಾಟದ ನಡುವೆ ಇರುವ ಟೀಮಿಗೆ ಸ್ಪರ್ಧೆಯ ಆಟಗಳನ್ನು ಆರಿಸುವುದು ಅಪಾಯ. ವರ್ಷವಿಡೀ ಚೆನ್ನಾಗಿ ದುಡಿದು ದಣಿದಿರುವ ಟೀಮಿಗಾದರೆ ಯಾವ ಚಟುವಟಿಕೆಯೂ ಬೇಕಾಗಿಲ್ಲ, ಕೃತಜ್ಞತೆ ಮತ್ತು ವಿಶ್ರಾಂತಿ ಬೇಕು. ಕೊನೆಯ ಈ ಬಗೆಯ ಟೀಮುಗಳೇ ವರ್ಷಾಂತ್ಯದಲ್ಲಿ ಹೆಚ್ಚು ಎಂಬುದು ನನ್ನ ಅಂದಾಜು. ದಣಿದವರಿಗೆ ಕಣ್ಣುಕಟ್ಟಿ ನಂಬಿಕೆಯ ಆಟ ಆಡಿಸುವುದನ್ನು ಯಾರೂ ಉಡುಗೊರೆಯೆಂದು ತಿಳಿಯುವುದಿಲ್ಲ.

ಹಗಲಿನ ಊಟವೋ, ಸಂಜೆಯ ಪಾರ್ಟಿಯೋ

ಹೆಚ್ಚಿನ ಕಚೇರಿಗಳಲ್ಲಿ ಕೊನೆಗೆ ಉಳಿಯುವುದು ಈ ಎರಡೇ ಆಯ್ಕೆಗಳಾದ್ದರಿಂದ ಇವುಗಳ ಹೋಲಿಕೆಗೆ ಹೆಚ್ಚು ಜಾಗ ಕೊಡುವುದು ನ್ಯಾಯ.

ಸಂಜೆಯ ಪಾರ್ಟಿಯ ಪರವಾಗಿ ಹೇಳಬಹುದಾದ ಮಾತೆಂದರೆ ಅದಕ್ಕೊಂದು ಸಂಭ್ರಮವಿದೆ. ಕೆಲಸದ ಮೇಜನ್ನು ಬಿಟ್ಟು, ಬೇರೆ ಬಟ್ಟೆ ತೊಟ್ಟು, ಬೇರೆ ಬೆಳಕಿನಲ್ಲಿ ಸಹೋದ್ಯೋಗಿಗಳನ್ನು ನೋಡುವುದರಲ್ಲಿ ನಿಜವಾದ ಖುಷಿಯಿದೆ. ಆದರೆ ಜನರನ್ನು ಪರಸ್ಪರ ಬೆರೆಸುವ ಕೆಲಸವನ್ನು ಪಾರ್ಟಿ ತಾನಾಗಿ ಮಾಡುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾದದ್ದಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಮ್ ಮತ್ತು ಮೈಕೆಲ್ ಮಾರಿಸ್ ಅವರು ವ್ಯವಹಾರ ರಂಗದವರ ಒಂದು ಸಂತೋಷಕೂಟದಲ್ಲಿ ಅತಿಥಿಗಳಿಗೆ ಎಲೆಕ್ಟ್ರಾನಿಕ್ ಬ್ಯಾಡ್ಜ್‌ಗಳನ್ನು ತೊಡಿಸಿ, ಯಾರು ಯಾರೊಡನೆ ಮಾತನಾಡಿದರೆಂದು ದಾಖಲಿಸಿ 2007ರಲ್ಲಿ ಪ್ರಕಟಿಸಿದರು. ಹೊಸಬರ ಪರಿಚಯವೇ ತಮ್ಮ ಉದ್ದೇಶ ಎಂದು ಮೊದಲೇ ಹೇಳಿದ್ದವರು ಕೂಟದಲ್ಲಿ ತಮಗೆ ಗೊತ್ತಿದ್ದವರ ಕಡೆಗೇ ವಾಲಿದರು. ಟ್ರೇಸಿ ಡ್ಯೂಮಾಸ್, ಕ್ಯಾಥರೀನ್ ಫಿಲಿಪ್ಸ್ ಮತ್ತು ನ್ಯಾನ್ಸಿ ರಾತ್‌ಬರ್ಡ್ ಅವರ 2013ರ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕಂಪನಿಯ ಪಾರ್ಟಿಗಳಿಂದ ತಮ್ಮಂತೆಯೇ ಇರುವ ಜನಾಂಗ ಹಿನ್ನೆಲೆಯವರ ನಡುವೆ ಆಪ್ತತೆ ಹೆಚ್ಚಿತು, ಬೇರೆ ಹಿನ್ನೆಲೆಯವರ ನಡುವೆ ಹೆಚ್ಚಲಿಲ್ಲ. ಅಂದರೆ ಈಗಾಗಲೇ ಹತ್ತಿರವಾಗಿರುವವರು ಮತ್ತಷ್ಟು ಹತ್ತಿರವಾಗುತ್ತಾರೆ, ಅಂಚಿನಲ್ಲಿರುವವರು ತಟ್ಟೆ ಹಿಡಿದು ಗೋಡೆಯ ಪಕ್ಕದಲ್ಲೇ ನಿಲ್ಲುತ್ತಾರೆ.

ಸಮಯದ ಲೆಕ್ಕದಲ್ಲಂತೂ ಸಂಜೆಯ ಪಾರ್ಟಿ ಪೂರ್ತಿಯಾಗಿ ನೌಕರರ ಖಾತೆಗೆ ಖರ್ಚಾಗುತ್ತದೆ. ಚಿಕ್ಕ ಮಕ್ಕಳಿರುವವರು, ಹಿರಿಯರನ್ನು ನೋಡಿಕೊಳ್ಳುವವರು, ದೂರದಿಂದ ಓಡಾಡುವವರು, ರಾತ್ರಿ ಒಬ್ಬರೇ ಮನೆಗೆ ಹಿಂತಿರುಗಲು ಹಿಂಜರಿಯುವವರು ಒಂದೋ ಬರುವುದಿಲ್ಲ, ಇಲ್ಲವೇ ಬಂದು ಗಡಿಯಾರ ನೋಡುತ್ತ ಕುಳಿತಿರುತ್ತಾರೆ. ಮದ್ಯವಿದ್ದರೆ ಕುಡಿಯದವರ ಮುಜುಗರವೂ ಕುಡಿದವರ ಮಾತಿನ ಹೊಣೆಯೂ ಏರ್ಪಾಡು ಮಾಡಿದವರ ತಲೆಯ ಮೇಲೆ ಬರುತ್ತವೆ. ಸಂಜೆಯ ಪಾರ್ಟಿಯೇ ಆಗಬೇಕೆಂದು ತೀರ್ಮಾನವಾದಲ್ಲಿ, ಮನೆಗೆ ತಲುಪಿಸುವ ವಾಹನದ ವೆಚ್ಚವನ್ನು ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆದುಕೊಳ್ಳುವುದು ಒಳ್ಳೆಯದು. ಅಲಂಕಾರಕ್ಕೂ ಸಂಗೀತಕ್ಕೂ ಹಂಚಿದ ಮೇಲೆ ಉಳಿದದ್ದರಲ್ಲಿ ಅದನ್ನು ಹೊಂದಿಸಲು ಹೊರಟರೆ ಅದು ಎಂದಿಗೂ ಹೊಂದುವುದಿಲ್ಲ.

ಕಡ್ಡಾಯದ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಸಂಸ್ಥೆಯ ಮೋಜಿನ ಸಂಸ್ಕೃತಿಗೆ ಹೊಂದಿಕೊಳ್ಳಲಿಲ್ಲ, ಕುಡಿತದ ಕೂಟಗಳಲ್ಲಿ ಪಾಲ್ಗೊಳ್ಳಲಿಲ್ಲ ಎಂಬಂಥ ಕಾರಣಗಳಿಂದ ನೌಕರರೊಬ್ಬರನ್ನು ಕೆಲಸದಿಂದ ತೆಗೆದ ಪ್ರಕರಣದಲ್ಲಿ ಫ್ರಾನ್ಸಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವು 2022ರ ನವೆಂಬರ್‌ನಲ್ಲಿ ನೌಕರರ ಪರ ನಿಂತಿತು. ವಜಾ ಮಾಡುವಷ್ಟು ದೂರ ಯಾರೂ ಹೋಗಬೇಕಾಗಿಲ್ಲ. ಬಾರದವರ ಹೆಸರನ್ನು ಮರುದಿನದ ಮೀಟಿಂಗಿನಲ್ಲಿ ನಗುತ್ತ ಎತ್ತಿದರೂ ಸಾಕು, ಮುಂದಿನ ವರ್ಷದ ಹಾಜರಿ ಭಯದಿಂದ ತುಂಬಿದ ಹಾಜರಿಯಾಗುತ್ತದೆ. ಕೆಲಸದ ವೇಳೆಯ ಹೊರಗಿನ ಯಾವುದೇ ಕಾರ್ಯಕ್ರಮಕ್ಕೆ ಬರುವುದು ನಿಜಕ್ಕೂ ಐಚ್ಛಿಕವಾಗಿರಬೇಕು. ಹಾಗೆಂದು ಬಾಯಲ್ಲಿ ಹೇಳಿ, ಮೌಲ್ಯಮಾಪನದ ಸಮಯದಲ್ಲಿ ನೆನಪಿಟ್ಟುಕೊಳ್ಳುವುದು ಐಚ್ಛಿಕವಲ್ಲ.

ಹಗಲಿನ ಊಟಕ್ಕೆ ಈ ತೊಡಕುಗಳಲ್ಲಿ ಹೆಚ್ಚಿನವು ಇಲ್ಲ. ಅದು ಕೆಲಸದ ವೇಳೆಯಲ್ಲಿ ನಡೆಯುವುದರಿಂದ ಸಮಯವನ್ನು ಕೊಡುವುದು ಸಂಸ್ಥೆ. ಮದ್ಯದ ಪ್ರಶ್ನೆ ಬಹುಮಟ್ಟಿಗೆ ಏಳುವುದೇ ಇಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಕೆವಿನ್ ನಿಫಿನ್ ಮತ್ತು ಸಂಗಡಿಗರು ಅಗ್ನಿಶಾಮಕ ಠಾಣೆಗಳ ಬಗ್ಗೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚಾಗಿ ಒಟ್ಟಿಗೆ ಉಣ್ಣುವ ತಂಡಗಳ ಕೆಲಸಕ್ಕೆ ಅಧಿಕಾರಿಗಳು ಹೆಚ್ಚಿನ ಅಂಕ ಕೊಟ್ಟಿದ್ದರು. ಇದನ್ನು ಓದಿ ವರ್ಷಕ್ಕೊಂದು ಊಟದಿಂದ ಟೀಮು ಬದಲಾಗುತ್ತದೆ ಎಂದುಕೊಳ್ಳಬಾರದು. ಅಲ್ಲಿ ಜೊತೆಯೂಟವೆಂಬುದು ನಿತ್ಯದ ರೂಢಿ, ಮತ್ತು ಒಗ್ಗಟ್ಟಿರುವುದರಿಂದಲೇ ಅವರು ಜೊತೆಗೆ ಉಣ್ಣುತ್ತಿರಲೂಬಹುದು. ಆದರೂ ದೊಡ್ಡ ಪಾರ್ಟಿಯ ಬಜೆಟ್ಟನ್ನು ವರ್ಷದುದ್ದಕ್ಕೂ ನಾಲ್ಕಾರು ಸಾದಾ ಊಟಗಳಿಗೆ ಹಂಚುವುದು ಜಾಣತನವೆಂಬ ವಾದಕ್ಕೆ ಇದರಿಂದ ಬಲ ಬರುತ್ತದೆ, ಮತ್ತು ಆ ಸರಣಿಯ ಮೊದಲ ಊಟ ಹಬ್ಬದ ದಿನಗಳಲ್ಲೇ ಆಗಬಹುದು.

ಊಟವನ್ನೇ ಆರಿಸಿದರೆ ಕೂರುವ ವ್ಯವಸ್ಥೆಗೆ ಗಮನ ಕೊಡಬೇಕು. ಸಹಜವಾಗಿ ನಡೆಯುವ ಮಾತುಕತೆಯ ಗುಂಪು ಸುಮಾರು ನಾಲ್ಕು ಜನಕ್ಕೆ ಮಿತವಾಗಿರುತ್ತದೆಂದು ರಾಬಿನ್ ಡನ್‌ಬಾರ್ ಮತ್ತು ಸಹ ಸಂಶೋಧಕರು 1995ರಲ್ಲಿ ತೋರಿಸಿದ್ದರು. ಐದನೆಯವರು ಬಂದೊಡನೆ ಮಾತು ಎರಡಾಗಿ ಒಡೆಯುವ ಸಾಧ್ಯತೆ ಹೆಚ್ಚು. ಆದ್ದರಿಂದ ಇಪ್ಪತ್ತು ಜನರ ಒಂದು ಉದ್ದ ಮೇಜಿಗಿಂತ ನಾಲ್ಕು ನಾಲ್ಕು ಜನರ ಐದು ಮೇಜುಗಳು ಮೇಲು. ಯಾರು ಎಲ್ಲಿ ಕೂರಬೇಕೆಂಬುದನ್ನು ಚೀಟಿ ಎತ್ತಿಸಿ ನಿರ್ಧರಿಸಿದರೆ ಇಂಗ್ರಾಮ್ ಮತ್ತು ಮಾರಿಸ್ ಕಂಡ ಸಮಸ್ಯೆಗೂ ಅದೇ ಪರಿಹಾರವಾಗುತ್ತದೆ. ಮ್ಯಾನೇಜರ್ ಕೂಡ ಚೀಟಿಯನ್ನೇ ಎತ್ತಬೇಕು. ಆಹಾರದಲ್ಲಿ ಯಾರಿಗೆ ಏನು ನಿಷಿದ್ಧ, ಯಾವುದರಿಂದ ಅಲರ್ಜಿ, ಯಾರು ಯಾವ ದಿನ ಉಪವಾಸವಿರುತ್ತಾರೆ ಎಂಬುದನ್ನು ಊಹಿಸದೆ ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳುವುದು ಸೌಜನ್ಯ.

ಆಟ ಮತ್ತು ಸ್ಪರ್ಧೆ

ಆಟಗಳನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಆದರೆ ಎಲ್ಲ ಆಟಗಳೂ ಒಂದೇ ಅಲ್ಲ. ಎಷ್ಟು ಜನ ಆಡುತ್ತಾರೆ, ಯಾರ ವಿರುದ್ಧ ಆಡುತ್ತಾರೆ ಎಂಬ ಎರಡು ಸಂಗತಿಗಳು ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ.

ಮೊದಲನೆಯದಕ್ಕೆ ಹಗ್ಗಜಗ್ಗಾಟವೇ ಸಾಕ್ಷಿ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಎಂಟು ಮಂದಿ ಒಟ್ಟಾಗಿ ಎಳೆದಾಗ ಒಬ್ಬೊಬ್ಬರೂ ತಾವೊಬ್ಬರೇ ಎಳೆಯುವಾಗಿನ ಶಕ್ತಿಯ ಅರ್ಧದಷ್ಟನ್ನು ಮಾತ್ರ ಹಾಕುತ್ತಿದ್ದರು. 1979ರಲ್ಲಿ ಬಿಬ್ ಲಟಾನೆ ಮತ್ತು ಸಹೋದ್ಯೋಗಿಗಳು ಚಪ್ಪಾಳೆ ಮತ್ತು ಕೂಗಿನ ಪ್ರಯೋಗಗಳಲ್ಲೂ ಇದೇ ಇಳಿಕೆಯನ್ನು ಕಂಡರು. ದೊಡ್ಡ ಗುಂಪಿನ ಆಟದಲ್ಲಿ ನಾಲ್ಕೈದು ಮಂದಿ ಆಡುತ್ತಾರೆ, ಉಳಿದವರು ಹುರಿದುಂಬಿಸುತ್ತಿರುವಂತೆ ನಟಿಸುತ್ತ ಫೋನ್ ನೋಡುತ್ತಾರೆ. ಸುಳಿವುಗಳನ್ನು ಬಿಡಿಸುತ್ತ ಮುಚ್ಚಿದ ಕೋಣೆಯಿಂದ ಹೊರಬರಬೇಕಾದ ಎಸ್ಕೇಪ್ ರೂಮ್ ಆಟ ಜನಪ್ರಿಯವಾಗಲು ಇದರ ವಿರುದ್ಧ ಗುಣವೇ ಒಂದು ಕಾರಣ. 2007ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಟಕಾವೊ ಕಾಟೊ ಆರಂಭಿಸಿದ ಈ ಆಟವನ್ನು ಈಗ ಸಾಮಾನ್ಯವಾಗಿ ಐದಾರು ಜನರ ತಂಡಕ್ಕೆ ಒಂದು ಗಂಟೆಯ ಅವಧಿಯಲ್ಲಿ ಆಡಿಸುತ್ತಾರೆ. ಸುಳಿವುಗಳು ಕೋಣೆಯ ಮೂಲೆ ಮೂಲೆಗಳಲ್ಲಿ ಇರುವುದರಿಂದ ಎಲ್ಲರಿಗೂ ಏನಾದರೊಂದು ಕೆಲಸ ಸಿಗುತ್ತದೆ. ಮುಚ್ಚಿದ ಕೋಣೆ ಕೆಲವರಿಗೆ ಆಗದು, ಕಡಿಮೆ ಬೆಳಕು ಇನ್ನು ಕೆಲವರಿಗೆ ತೊಂದರೆ. ಇದನ್ನು ಬುಕಿಂಗ್ ಮಾಡುವ ಮೊದಲೇ ಕೇಳಬೇಕು, ಬಾಗಿಲಲ್ಲಿ ನಿಲ್ಲಿಸಿ ಅಲ್ಲ. ಅಷ್ಟು ಖರ್ಚು ಬೇಡವೆಂದರೆ 20 ಒಣ ಸ್ಪಗೆಟ್ಟಿ ಕಡ್ಡಿ, ಒಂದಿಷ್ಟು ಟೇಪು, ದಾರ ಮತ್ತು ಒಂದು ಮಾರ್ಷ್‌ಮ್ಯಾಲೊ (ಮೆತ್ತನೆಯ ಮಿಠಾಯಿ) ಕೊಟ್ಟು, 18 ನಿಮಿಷಗಳಲ್ಲಿ ಎತ್ತರದ ಗೋಪುರ ಕಟ್ಟಿ ಅದರ ತುದಿಗೆ ಮಾರ್ಷ್‌ಮ್ಯಾಲೊ ಕೂರಿಸಲು ಹೇಳುವ ಆಟ ಮೀಟಿಂಗ್ ರೂಮಿನಲ್ಲೇ ನಡೆಯುತ್ತದೆ, ಮತ್ತು ಅದಕ್ಕೆ ನಾಲ್ಕು ಜನರ ತಂಡವೇ ಸಾಕು.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮ. ಮುಜಫರ್ ಶೆರಿಫ್ ಮತ್ತು ಸಂಗಡಿಗರು 1954ರಲ್ಲಿ ಅಮೆರಿಕದ ಓಕ್ಲಹೋಮದ ಬೇಸಿಗೆ ಶಿಬಿರವೊಂದರಲ್ಲಿ ಹುಡುಗರನ್ನು ಎರಡು ಗುಂಪು ಮಾಡಿ, ಬಹುಮಾನದ ಸ್ಪರ್ಧೆಗಳನ್ನು ಏರ್ಪಡಿಸಿದರು. ಕೆಲವೇ ದಿನಗಳಲ್ಲಿ ಗುಂಪುಗಳ ನಡುವೆ ಹಗೆ ಬೆಳೆಯಿತು. ಅವರನ್ನು ಸುಮ್ಮನೆ ಒಂದೇ ಕಡೆ ಕೂರಿಸಿ ಉಣಬಡಿಸಿದ್ದರಿಂದ ಆ ಹಗೆ ಇಳಿಯಲಿಲ್ಲ. ಶಿಬಿರದ ನೀರಿನ ಪೂರೈಕೆ ಕೆಟ್ಟಾಗ, ಲಾರಿ ಕೆಟ್ಟು ನಿಂತಾಗ, ಎರಡೂ ಗುಂಪುಗಳು ಸೇರದೆ ಬಗೆಹರಿಯದ ಕೆಲಸ ಎದುರಾದಾಗ ಮಾತ್ರ ಇಳಿಯಿತು. ಮಾರಾಟ ವಿಭಾಗಕ್ಕೂ ತಾಂತ್ರಿಕ ವಿಭಾಗಕ್ಕೂ ವರ್ಷವಿಡೀ ಜಟಾಪಟಿ ನಡೆದಿರುವ ಕಚೇರಿಯಲ್ಲಿ, ಆ ಎರಡು ವಿಭಾಗಗಳನ್ನೇ ಎದುರಾಳಿಗಳನ್ನಾಗಿಸಿ ಪಂದ್ಯ ಆಡಿಸುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ತಂಡಗಳನ್ನು ಬೆರೆಸಬೇಕು, ಇಲ್ಲವೇ ಎಲ್ಲರೂ ಸೇರಿ ಗಡಿಯಾರದ ವಿರುದ್ಧ ಆಡುವ ಆಟವನ್ನು ಆರಿಸಬೇಕು.

ಮೈದಾನದ ಆಟಗಳ ಬಗ್ಗೆ ಒಂದೇ ಮಾತು: ಮೊಣಕಾಲು ನೋವಿರುವವರು, ಗರ್ಭಿಣಿಯರು, ಗಾಲಿಕುರ್ಚಿ ಬಳಸುವವರು ಅಂಕ ಬರೆಯುವ ಕೆಲಸಕ್ಕೆ ಮಾತ್ರ ಉಳಿಯುವುದಾದರೆ ಅದು ಟೀಮಿನ ಕಾರ್ಯಕ್ರಮವಲ್ಲ, ಟೀಮಿನ ಒಂದು ಭಾಗದ ಕಾರ್ಯಕ್ರಮ.

ಸೇವೆ, ಕಲಿಕೆ, ಪ್ರವಾಸ

ಸಮಾಜಸೇವೆಯ ದಿನವನ್ನು ಹಬ್ಬದ ಕಾಲದಲ್ಲಿ ಆರಿಸುವವರು ಅನೇಕರು, ಮತ್ತು ಆ ಆಶಯ ಒಳ್ಳೆಯದೇ. ಶೆರಿಫ್ ಅವರ ಪ್ರಯೋಗ ತೋರಿಸಿದ ಸಮಾನ ಗುರಿ ಇದರಲ್ಲಿ ಸಹಜವಾಗಿಯೇ ಇದೆ. ಆದರೆ ಸೇವಾ ಸಂಸ್ಥೆಗಳಿಗೆ ಇದೇ ವಾರಗಳಲ್ಲಿ ಸ್ವಯಂಸೇವಕರು ಕಿಕ್ಕಿರಿದು ಬರುತ್ತಾರೆ, ರಜೆಗಳು ಮುಗಿದ ಮೇಲೆ ಬರುವವರಿಲ್ಲ. ಒಂದು ಮಧ್ಯಾಹ್ನಕ್ಕಾಗಿ ಮೂವತ್ತು ಜನ ಹೋಗಿ ನಿಂತರೆ ಅವರಿಗೆ ಕೆಲಸ ಹುಡುಕಿಕೊಡುವುದೇ ಆ ಸಂಸ್ಥೆಗೆ ಒಂದು ಕೆಲಸವಾಗುತ್ತದೆ. ಆದ್ದರಿಂದ ಮೊದಲು ಫೋನ್ ಮಾಡಿ, ನಿಮಗೆ ಏನು ಬೇಕು, ಯಾವಾಗ ಬೇಕು ಎಂದು ಕೇಳಬೇಕು. ಉತ್ತರ ಎರಡು ತಿಂಗಳ ನಂತರದ ಯಾವುದೋ ವಾರವಾಗಿದ್ದರೆ ಆ ವಾರವನ್ನೇ ಒಪ್ಪಿಕೊಳ್ಳಬೇಕು. ಸೇವೆ ಪಡೆಯುವವರ ಜೊತೆ ಫೋಟೊ ತೆಗೆಸಿಕೊಳ್ಳುವುದು ಕಾರ್ಯಕ್ರಮದ ಭಾಗವಾಗಿದ್ದರೆ, ಇಡೀ ಯೋಜನೆಯನ್ನೇ ಕೈಬಿಡುವುದು ಉತ್ತಮ.

ಕಲಿಕೆಯ ಕಾರ್ಯಾಗಾರಗಳು, ಅಂದರೆ ಮಣ್ಣಿನ ಪಾತ್ರೆ, ಚಿತ್ರಕಲೆ, ಅಡುಗೆಯಂಥವು, ನನ್ನ ದೃಷ್ಟಿಯಲ್ಲಿ ಸಿಗಬೇಕಾದಷ್ಟು ಗಮನ ಪಡೆಯದ ಆಯ್ಕೆ. ಎಲ್ಲರೂ ಸಮಾನವಾಗಿ ಅನನುಭವಿಗಳಾಗಿರುವ ವಿಷಯವನ್ನು ಆರಿಸಿದಾಗ ಹುದ್ದೆಯ ಅಂತರ ಕೆಲಹೊತ್ತು ಕರಗುತ್ತದೆ: ನಿರ್ದೇಶಕರ ಮಡಕೆಯೂ ವಾಲುತ್ತದೆ. ಕೈಗೆ ಕೆಲಸವಿರುವುದರಿಂದ ಮಾತು ಕಡಿಮೆಯಿರುವವರಿಗೂ ಹಾಯೆನಿಸುತ್ತದೆ.

ರಾತ್ರಿ ತಂಗುವ ಪ್ರವಾಸವನ್ನು ಈ ಕಾಲದಲ್ಲಿ ಆರಿಸಬಾರದು. ಅದು ಉಳಿದೆಲ್ಲ ಆಯ್ಕೆಗಳಿಗಿಂತ ಹೆಚ್ಚು ಸಮಯವನ್ನು ಕುಟುಂಬಗಳಿಂದ ಕಸಿದುಕೊಳ್ಳುತ್ತದೆ, ಜಾಗದ ಬಾಡಿಗೆಯೂ ಪ್ರಯಾಣದ ದರವೂ ಏರಿರುತ್ತವೆ, ರಸ್ತೆಗಳು ತುಂಬಿರುತ್ತವೆ. ಅದೇ ಪ್ರವಾಸವನ್ನು ರಜೆಗಳಿಲ್ಲದ ತಿಂಗಳೊಂದರಲ್ಲಿ, ಕೆಲಸದ ದಿನಗಳಂದು ಇಟ್ಟುಕೊಂಡರೆ ಈ ಆಕ್ಷೇಪಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ.

ಬೇರೆ ಬೇರೆ ಊರುಗಳಲ್ಲಿರುವ ಟೀಮು

ಅರ್ಧ ಟೀಮು ಕಚೇರಿಯಲ್ಲಿ, ಇನ್ನರ್ಧ ಪರದೆಯ ಮೇಲೆ ಇರುವಾಗ ಎಲ್ಲರಿಗೂ ಒಂದೇ ಕಾರ್ಯಕ್ರಮ ಮಾಡಲು ಹೊರಡುವುದು ಸಾಮಾನ್ಯವಾಗಿ ಕಾಣುವ ತಪ್ಪು. ಕಚೇರಿಯಲ್ಲಿರುವವರು ಒಟ್ಟಿಗೆ ಉಣ್ಣುತ್ತ ನಗುವುದನ್ನು ದೂರದವರು ವಿಡಿಯೊ ಕಾಲ್‌ನಲ್ಲಿ ನೋಡುತ್ತ ಕೂರುವುದಕ್ಕಿಂತ ಕರೆ ಇಲ್ಲದಿರುವುದೇ ವಾಸಿ. ಒಂದೋ ಎಲ್ಲರೂ ತಮ್ಮ ತಮ್ಮ ಪರದೆಯಿಂದಲೇ ಸೇರಬೇಕು, ಇಲ್ಲವೇ ಪ್ರತಿಯೊಂದು ಊರಿನವರಿಗೂ ತಲಾ ಅಷ್ಟೇ ಹಣ ಕೊಟ್ಟು ಅವರವರಲ್ಲೇ ಸೇರಲು ಬಿಡಬೇಕು. ಆನ್‌ಲೈನ್ ಆದರೆ ಮುಕ್ಕಾಲು ಗಂಟೆ ಸಾಕು, ಮತ್ತು ನಾಲ್ಕು ಜನರ ನಿಯಮ ಪರದೆಯ ಮೇಲೂ ಅನ್ವಯಿಸುತ್ತದೆ. ಎಲ್ಲರನ್ನೂ ಒಂದೇ ಕರೆಯಲ್ಲಿ ಕೂಡಿಸಿದರೆ ಇಬ್ಬರು ಮಾತನಾಡುತ್ತಾರೆ, ಮಿಕ್ಕವರು ಮ್ಯೂಟ್‌ನಲ್ಲಿರುತ್ತಾರೆ. ಕಾಲವಲಯಗಳು ಬೇರೆಯಾಗಿದ್ದಲ್ಲಿ ಅನನುಕೂಲದ ವೇಳೆ ಪ್ರತಿ ಬಾರಿಯೂ ಒಂದೇ ಊರಿನವರ ಪಾಲಾಗದಂತೆ ಸರದಿ ಪಾಲಿಸಬೇಕು.

ಮುಂದೂಡುವುದೂ ಒಂದು ಆಯ್ಕೆ

ಆಯ್ಕೆಗಳ ಪಟ್ಟಿಯಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುವ ಎರಡು ಸಾಲುಗಳು ಹೀಗಿವೆ: ಕಾರ್ಯಕ್ರಮವನ್ನು ರಜೆಗಳು ಮುಗಿದ ಮೇಲಿನ ವಾರಗಳಿಗೆ ಮುಂದೂಡುವುದು, ಅಥವಾ ಕಾರ್ಯಕ್ರಮವನ್ನೇ ಬಿಟ್ಟು ಎಲ್ಲರಿಗೂ ಅರ್ಧ ದಿನ ರಜೆ ಕೊಡುವುದು. ಮುಂದೂಡಿದರೆ ಜಾಗ ಸುಲಭವಾಗಿ ಸಿಗುತ್ತದೆ, ಊರಿಗೆ ಹೋದವರು ಹಿಂತಿರುಗಿರುತ್ತಾರೆ, ಹೊಸ ವರ್ಷದ ಗುರಿಗಳ ಚರ್ಚೆಯನ್ನೂ ಜೊತೆಗೇ ಇಟ್ಟುಕೊಳ್ಳಬಹುದು. ಕ್ಲೈನ್ ಮತ್ತಿತರರ ವಿಶ್ಲೇಷಣೆಯಲ್ಲಿ ಹೆಚ್ಚು ಫಲ ಕೊಟ್ಟ ಗುರಿ ನಿಗದಿಯ ಚಟುವಟಿಕೆಗೆ ಅದು ತಕ್ಕ ಸಮಯ. ಮುಂದೂಡುವುದರ ಅಪಾಯವೆಂದರೆ ಕಾರ್ಯಕ್ರಮ ಮರೆತೇ ಹೋಗುವುದು. ಹಾಗಾಗಿ ಮುಂದೂಡಿದ ದಿನಾಂಕವನ್ನೂ ಮಂಜೂರಾದ ಹಣವನ್ನೂ ಅದೇ ಪ್ರಕಟಣೆಯಲ್ಲಿ ತಿಳಿಸಬೇಕು. ಬಜೆಟ್ ಆ ಆರ್ಥಿಕ ವರ್ಷದೊಳಗೇ ಖರ್ಚಾಗಬೇಕೆಂಬ ನಿಯಮ ಸಂಸ್ಥೆಯಲ್ಲಿದೆಯೇ ಎಂದು ಲೆಕ್ಕಪತ್ರ ವಿಭಾಗವನ್ನು ಮೊದಲೇ ವಿಚಾರಿಸಬೇಕು.

ಅರ್ಧ ದಿನದ ರಜೆ ಟೀಮನ್ನು ಕಟ್ಟುವುದಿಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಮ್ಯಾನೇಜರ್ ಒಬ್ಬೊಬ್ಬರಿಗೂ ಅವರು ಆ ವರ್ಷ ಮಾಡಿದ ನಿರ್ದಿಷ್ಟ ಕೆಲಸವೊಂದನ್ನು ಹೆಸರಿಸಿ ಎರಡು ಸಾಲಿನ ಪತ್ರ ಬರೆದು, ಅದರ ಜೊತೆಗೆ ಆ ಅರ್ಧ ದಿನವನ್ನು ಕೊಟ್ಟರೆ, ದಣಿದ ಟೀಮಿಗೆ ಇದಕ್ಕಿಂತ ಹೆಚ್ಚು ಒಪ್ಪುವ ಆಯ್ಕೆ ಇನ್ನೊಂದಿಲ್ಲ ಎಂದು ನಾನು ಹೇಳುತ್ತೇನೆ. ಎಲ್ಲರಿಗೂ ಒಂದೇ ಒಕ್ಕಣೆಯ ಪತ್ರ ಕಳಿಸುವುದಾದರೆ ಮಾತ್ರ ಆ ಶ್ರಮವೂ ಬೇಡ.

ದಿನ ನಿಗದಿಪಡಿಸುವಾಗ

ಕಳೆದ ವರ್ಷದ ದಿನಾಂಕವನ್ನೇ ನಕಲು ಮಾಡಬಾರದು. ಶುದ್ಧ ಚಾಂದ್ರಮಾನದ ಕ್ಯಾಲೆಂಡರನ್ನು ಅನುಸರಿಸುವ ಹಬ್ಬಗಳು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ, ಇನ್ನು ಕೆಲವು ಹಬ್ಬಗಳು ಅಧಿಕ ಮಾಸದ ಲೆಕ್ಕದಿಂದ ಹಿಂದೆ ಮುಂದೆ ಆಗುತ್ತವೆ. ಒಬ್ಬರಿಗೆ ಬಿಡುವಿನ ದಿನವಾಗಿರುವುದು ಇನ್ನೊಬ್ಬರಿಗೆ ಉಪವಾಸದ ದಿನವಾಗಿರಬಹುದು. ಮೂರು ದಿನಾಂಕಗಳನ್ನೂ ಮೂರು ಬಗೆಯ ಕಾರ್ಯಕ್ರಮಗಳನ್ನೂ ಮುಂದಿಟ್ಟು, ಹೆಸರು ಕೇಳದ ಮತದಾನ ನಡೆಸುವುದು ಸರಳ ಮಾರ್ಗ. ಹೆಸರು ಕಾಣುವಂತಿದ್ದರೆ ಎಲ್ಲರೂ ಮ್ಯಾನೇಜರ್ ಒತ್ತಿದ ಆಯ್ಕೆಯನ್ನೇ ಒತ್ತುತ್ತಾರೆ. ಯಾವುದೂ ಬೇಡ ಎಂಬ ನಾಲ್ಕನೆಯ ಆಯ್ಕೆ ಆ ಪಟ್ಟಿಯಲ್ಲಿ ಇರಲೇಬೇಕು, ಮತ್ತು ಅದಕ್ಕೆ ಬಿದ್ದ ಮತಗಳ ಸಂಖ್ಯೆಯನ್ನು ಉಳಿದವುಗಳ ಜೊತೆಗೇ ಪ್ರಕಟಿಸಬೇಕು.

ಮುಗಿಯುವ ವೇಳೆಯನ್ನು ಆಹ್ವಾನದಲ್ಲೇ ಬರೆದು, ಆ ವೇಳೆಗೆ ಸರಿಯಾಗಿ ಮುಗಿಸುವುದು ಒಳಿತು. ಜನರು ಒಂದು ಅನುಭವವನ್ನು ಅದರ ಒಟ್ಟು ಉದ್ದದಿಂದ ಅಳೆಯದೆ, ಅದರ ಅತ್ಯಂತ ತೀವ್ರ ಕ್ಷಣದಿಂದ ಮತ್ತು ಕೊನೆಯಿಂದ ನೆನಪಿಟ್ಟುಕೊಳ್ಳುತ್ತಾರೆಂದು ಡೇನಿಯಲ್ ಕಾನ್‌ಮನ್ ಮತ್ತು ಸಹ ಸಂಶೋಧಕರು 1993ರಲ್ಲಿ ತೋರಿಸಿದ್ದರು. ಎರಡು ಗಂಟೆಗಳ ಒಳ್ಳೆಯ ಊಟದ ಕೊನೆಗೆ ಅರ್ಧ ಗಂಟೆಯ ಭಾಷಣ ಸೇರಿಸಿದರೆ ನೆನಪಿನಲ್ಲಿ ಉಳಿಯುವುದು ಯಾವುದೆಂದು ಹೇಳಬೇಕಾಗಿಲ್ಲ. ಭಾಷಣ ಅನಿವಾರ್ಯವಾದರೆ ಅದು ಮೊದಲಿಗೇ ಆಗಲಿ.

ಶಿಫ್ಟಿನಲ್ಲಿರುವವರು, ಸಹಾಯವಾಣಿಯ ಫೋನ್ ಹಿಡಿದಿರುವವರು, ಭದ್ರತೆ ಮತ್ತು ಸ್ವಚ್ಛತೆಯ ಗುತ್ತಿಗೆ ಸಿಬ್ಬಂದಿ, ಇವರಲ್ಲಿ ಯಾರನ್ನು ಟೀಮಿನವರೆಂದು ಎಣಿಸಲಾಗುತ್ತದೆ ಎಂಬುದನ್ನು ತಲೆಗಳ ಲೆಕ್ಕ ಹಾಕುವ ಮೊದಲೇ ತೀರ್ಮಾನಿಸಬೇಕು. ಅವರಿಗಾಗಿ ಬೇರೆ ವೇಳೆಯಲ್ಲಿ ಎರಡನೆಯ ಊಟವನ್ನು ಇಡುವುದಾದರೆ ಅದು ಮೊದಲನೆಯದರ ಮಿಕ್ಕ ತಿನಿಸಾಗಿರಬಾರದು, ಮತ್ತು ಮೊದಲನೆಯದಕ್ಕೆ ಬಂದಿದ್ದ ಮ್ಯಾನೇಜರ್ ಎರಡನೆಯದಕ್ಕೂ ಬಂದು ಕೂರಬೇಕು.